ಭಾವನ ಬೆನ್ನ ಹಿಂದೆ ಓಡಿದವರು

ಭಾವನ ಬೆಲೆ ಎಷ್ಟೆಂದು ಬರೆದುಕೊಡುವ ಕೆಲಸ ನಾದಿನಿಯ ಪಾಲಿಗೆ ಬಂದರೆ ಅವಳೇನು ಮಾಡಬೇಕು? ಹಿರಿಯರು ಕಟ್ಟಿಟ್ಟ ಗಾದೆಗಳಲ್ಲಿ ಇದಕ್ಕೆ ಉತ್ತರವಿಲ್ಲ. ಭಾವ, ನಾದಿನಿ ಎಂದರೆ ಒಬ್ಬರನ್ನೊಬ್ಬರು ಛೇಡಿಸಿಕೊಂಡು ಇರಬೇಕಾದವರು, ತಕ್ಕಡಿ ಹಿಡಿದು ತೂಗಬೇಕಾದವರಲ್ಲ.

ಅವಳು ಒಂದು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಪಂದ್ಯಗಳ ವಿಡಿಯೋ ನೋಡುವ ಕೆಲಸದಲ್ಲಿದ್ದಳು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ, ಒಂದು ಕಾಲಕ್ಕೆ ಚೆಂಡು ತುಂಬಿಡುತ್ತಿದ್ದ ಕೋಣೆಯೇ ಅವಳ ಆಫೀಸು. ಗೋಡೆಗಳಿಗೆ ಇನ್ನೂ ರಬ್ಬರಿನ ವಾಸನೆ ಅಂಟಿಕೊಂಡಿತ್ತು. ಎದುರಾಳಿ ತಂಡ ಒಮ್ಮೆ ಚೆಂಡು ಹಿಡಿದು ಬಂದರೆ ಅದು ಒಂದು ದಾಳಿ. ಒಂದು ದಾಳಿಗೆ ಅವಳ ಹಾಳೆಯಲ್ಲಿ ಒಂದು ಸಾಲು. ಯಾರು ತಡೆದರು, ಯಾರು ಸೋತರು, ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ. ಯಾರಾದರೂ ಎದುರಿಗೆ ಬಂದು ಮಾತಾಡಿಸಿದರೆ ಅಂಗೈ ಬೆವರುವ ಹುಡುಗಿಗೆ ಹೇಳಿ ಮಾಡಿಸಿದ ಕೆಲಸ. ಭಾವ ಅವಳಿಗೆ ಲೆಕ್ಕದಮ್ಮ ಎಂದು ಹೆಸರಿಟ್ಟಿದ್ದರು. ಕ್ಲಬ್ಬಿನಲ್ಲೂ ಆ ಹೆಸರೇ ನಿಂತಿತು.

ಭಾವ ಅದೇ ಕ್ಲಬ್ಬಿನ ಆಟಗಾರ. ಹದಿನಾಲ್ಕು ವರ್ಷದಿಂದ ಅಲ್ಲೇ ಆಡುತ್ತಿದ್ದರು. ವಯಸ್ಸು ಮೂವತ್ತಾರು, ಹೊರಗಿನ ಲೋಕದಲ್ಲಿ ಅದು ವಯಸ್ಸೇ ಅಲ್ಲ, ಆದರೆ ತಂಡದ ಹುಡುಗರು ಅವರನ್ನು ಅಜ್ಜ ಎಂದು ಕರೆಯುತ್ತಿದ್ದರು. ಈ ಋತು ಮುಗಿದರೆ ಅವರ ಒಪ್ಪಂದವೂ ಮುಗಿಯುತ್ತಿತ್ತು. ಅವರಿದ್ದ ಮನೆ ಕ್ಲಬ್ಬಿನದು. ಒಪ್ಪಂದ ಇರುವತನಕ ಮನೆ. ಭಾವ, ಅಕ್ಕ, ಅವರ ಮಗಳು, ಹಿಂದಿನ ಕೋಣೆಯಲ್ಲಿ ಲೆಕ್ಕದಮ್ಮ. ಮಗಳ ಶಾಲೆ ರಸ್ತೆಯ ಆಚೆ ಬದಿಗೇ ಇತ್ತು. ಅದು ಮುಗಿಯಲು ಇನ್ನೆರಡು ವರ್ಷ. ಹಾಗಾಗಿ ಅಕ್ಕನ ಬಾಯಲ್ಲಿ ಒಂದೇ ಜಪ: "ಎರಡು ವರ್ಷ ಕೊಟ್ರೆ ಸಾಕು. ಆಮೇಲೆ ಎಲ್ಲಾದ್ರೂ ಹೋಗೋಣ."

ಮ್ಯಾನೇಜರು ಲೆಕ್ಕದಮ್ಮನನ್ನು ಕರೆಸಿ ಮೇಜಿನ ಮೇಲೆ ಒಂದು ಹಾಳೆ ಇಟ್ಟರು.

"ನಿಮ್ಮ ಭಾವ ಅಂತ ಗೊತ್ತಮ್ಮ. ಆದ್ರೆ ವರ್ಷದ ಎಲ್ಲಾ ಪಂದ್ಯ ಮೇಲಿಂದ ನೋಡಿದೋಳು ನೀನೊಬ್ಳೇ. ಇನ್ಯಾರನ್ನ ಕೇಳ್ಲಿ, ಟಿಕೆಟ್ ಹರಿಯೋನನ್ನ ಕೇಳ್ಲಾ?"

ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಈ ನಂಬರ್ ನೋಡು. ಇವ್ರು ಕೋರ್ಟಲ್ಲಿದ್ರೆ ಎದುರಾಳಿಗೆ ನೂರು ದಾಳಿಗೆ ಎಂಟು ಪಾಯಿಂಟ್ ಕಮ್ಮಿ ಬೀಳುತ್ತೆ. ತಂಡದಲ್ಲಿ ಇಷ್ಟು ಯಾರಿಗೂ ಇಲ್ಲ. ಕಳೆದ ವರ್ಷ ಮೊಣಕಾಲು ಕೊಯ್ಸಿಕೊಂಡ ಮನುಷ್ಯನ ಕಾಲಲ್ಲಿ ಇದು ಎಲ್ಲಿಂದ ಬಂತು? ನಿಜ ಆಗಿದ್ರೆ ಎರಡು ವರ್ಷ ಕಣ್ಮುಚ್ಕೊಂಡು ಕೊಡ್ತೀನಿ. ಅಡ್ಡಗೋಡೆ ಮೇಲೆ ದೀಪ ಇಡಬೇಡ. ನೋಡಿ, ಬರಿ."

ಅವಳು ನೋಡಲು ಕೂತಳು. ಭಾವ ತಡೆಯಲು ನಿಂತಿದ್ದ ದಾಳಿಗಳನ್ನಷ್ಟೇ ಬೇರೆ ತೆಗೆದಳು: ಮುನ್ನೂರ ನಲವತ್ತೊಂದು. ಮೊದಲ ದಿನ ಚೆಂಡಿನ ಹಿಂದೆಯೇ ಕಣ್ಣು ಓಡಿತು, ಏನೂ ಕಾಣಲಿಲ್ಲ. ಎರಡನೆಯ ದಿನ ಚೆಂಡು ಬಿಟ್ಟು ಭಾವನ ಸುತ್ತಲಿನವರನ್ನು ನೋಡಿದಳು.

ತಂಡದ ಚಿಕ್ಕ ಆಟಗಾರನೊಬ್ಬನಿದ್ದ, ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಎದುರಾಳಿ ಭಾವನ ಕಡೆಗೆ ಚೆಂಡು ತಟ್ಟಿಕೊಂಡು ಬರುವಾಗ ಗುಬ್ಬಿ ಎರಡು ಬೆರಳಿಂದ ತನ್ನ ತೊಡೆಗೆ ಬಡಿದುಕೊಳ್ಳುತ್ತಿದ್ದ. ಬಡಿದುಕೊಂಡವನೇ ತಾನು ಕಾಯಬೇಕಾದವನನ್ನು ಬಿಟ್ಟು ಭಾವನ ಬೆನ್ನ ಹಿಂದಕ್ಕೆ ಓಡುತ್ತಿದ್ದ. ಗುಬ್ಬಿ ಬಿಟ್ಟವನ ಕಡೆಗೆ ಏಣಿ ಎಂಬ ಉದ್ದನೆಯ ಹುಡುಗ ಓಡುತ್ತಿದ್ದ. ಏಣಿ ಬಿಟ್ಟ ಜಾಗಕ್ಕೆ ಇನ್ನೊಬ್ಬ. ಭಾವ ಸೋತಮೇಲೆ ಬರುವ ಸಹಾಯ ಆಟದಲ್ಲಿ ಇದ್ದದ್ದೇ. ಇವರು ಭಾವ ಸೋಲುವ ಮುಂಚೆಯೇ ಓಡುತ್ತಿದ್ದರು. ಎದುರಾಳಿ ಭಾವನನ್ನು ದಾಟಿ ಬಂದರೆ ಅಲ್ಲಿ ಆಗಲೇ ಗುಬ್ಬಿ ನಿಂತಿರುತ್ತಿದ್ದ. ಬಂದವನು ತಬ್ಬಿಬ್ಬಾಗಿ ಚೆಂಡು ಹಿಂದಕ್ಕೆ ಕೊಡುತ್ತಿದ್ದ. ಭಾವ ತಿರುಗಿ ನೋಡುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿರುತ್ತಿದ್ದರು. ತಾನೇ ತಡೆದೆ ಎಂಬಂತೆ ಭಾವ ಒಮ್ಮೆ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದರು.

ಲೆಕ್ಕದಮ್ಮ ಹಾಳೆಯಲ್ಲಿ ಹೊಸ ಕಾಲಂ ಹಾಕಿ ಎಣಿಸಿದಳು. ಇನ್ನೂರ ಹನ್ನೆರಡು.

ಎಣಿಸಿ ಮುಗಿಸಿದಾಗ ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹಸಿವಾಗಿತ್ತು, ಡಬ್ಬಿ ತೆಗೆದು ಊಟ ಮಾಡಿದಳು. ಹಲ್ಲಿಗೆ ಮರಗಟ್ಟುವ ಮದ್ದು ಹಾಕಿಸಿಕೊಂಡವರು ತಮ್ಮ ತುಟಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ಅವಳು ಆಗಾಗ ತನ್ನೊಳಗೆ ಮುಟ್ಟಿ ನೋಡಿಕೊಂಡಳು. ಅಲ್ಲಿ ಏನೋ ಇತ್ತು, ತನ್ನದು ಎನಿಸಲಿಲ್ಲ.

ಅಭ್ಯಾಸ ಮುಗಿಸಿ ಬಾಟಲಿ ತುಂಬಿಸುತ್ತಿದ್ದ ಗುಬ್ಬಿಯನ್ನು ನಲ್ಲಿಯ ಹತ್ತಿರ ಹಿಡಿದಳು. ಏನು ಕೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಒಂದೇ ಮಾತು.

"ತೊಡೆ ಯಾಕೆ ಬಡ್ಕೋತೀಯ?"

ಗುಬ್ಬಿಯ ಬಾಟಲಿ ತುಂಬಿ ಚೆಲ್ಲಿತು. "ಸೊಳ್ಳೆ ಅಕ್ಕಾ."

"ಇನ್ನೂರ ಹನ್ನೆರಡು ಸಲ ಕಚ್ತಾ?"

ಅವನು ನಲ್ಲಿ ನಿಲ್ಲಿಸಿದ. "ಅಯ್ಯೋ, ಎಣಿಸಿಬಿಟ್ಯಾ? ನಿನ್ ಕಣ್ಣಿಗಷ್ಟು..." ಎಂದವನು ಬೈಗುಳ ನುಂಗಿಕೊಂಡ. "ಬರೀಬೇಡ ಅಕ್ಕಾ."

"ಕೋಚ್‌ಗೆ ಗೊತ್ತಾ?"

"ಕೋಚ್ ಬೆಂಚಲ್ಲಿ ಕೂತಿರ್ತಾರೆ, ಅವ್ರಿಗೆ ಕಾಲುಗಳೇ ಕಾಣೋದು. ಮೇಲಿಂದ ನೋಡೋಳು ನೀನೊಬ್ಳು."

"ಯಾರು ಶುರು ಮಾಡಿದ್ದು?"

"ಯಾರೂ ಇಲ್ಲ. ಆಪರೇಷನ್ ಆಗಿ ಬಂದ್ರಲ್ಲ, ಒಂದ್ಸಲ ನಾನು ಹೋದೆ. ಆಮೇಲೆ ಏಣಿ ಬಂದ. ಹಾಗೇ ಅಭ್ಯಾಸ ಆಯ್ತು."

"ಯಾಕೆ?"

ಗುಬ್ಬಿ ಅವಳನ್ನು ಪೆದ್ದಿಯನ್ನು ನೋಡುವಂತೆ ನೋಡಿದ. "ಯಾಕೇಂದ್ರೆ? ಅಜ್ಜ ಅಲ್ವಾ!"

ಅದನ್ನು ಬರೆಯಲು ಹಾಳೆಯಲ್ಲಿ ಕಾಲಂ ಇರಲಿಲ್ಲ.

ಮರುದಿನ ಮಧ್ಯಾಹ್ನ ಭಾವನೇ ಅವಳ ಕೋಣೆಗೆ ಬಂದರು. ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಬಂದು, ಅವಳ ಎದುರಿನ ಪುಟ್ಟ ಸ್ಟೂಲಿನ ಮೇಲೆ ಕೂತಾಗ ಅವರ ಮೊಣಕಾಲು ಎದೆಮಟ್ಟಕ್ಕೆ ಬಂತು.

"ಏನ್ ಲೆಕ್ಕದಮ್ಮ, ನಂದೊಂದು ಕೆಲಸ. ಸೋಮವಾರ ಮ್ಯಾನೇಜರ್ ಹತ್ರ ಮಾತುಕತೆ. ನಾನು ತಡೆದಿರೋದ್ರಲ್ಲಿ ಒಳ್ಳೇ ಹತ್ತು ಆರಿಸಿಕೊಡು. ನಾನೇ ತೋರಿಸ್ತೀನಿ. ಬಾಯಲ್ಲಿ ಹೇಳಿದ್ರೆ ಮುದುಕ ಹೊಗಳ್ಕೋತಾನೆ ಅಂತಾರೆ."

"ಆರಿಸ್ತೀನಿ ಭಾವ." ಅವಳು ಆಗಲೇ ಆರಿಸಿ ನೋಡಿದ್ದಳು. ಬೆನ್ನ ಹಿಂದೆ ಯಾರೂ ಇಲ್ಲದೆ, ಕಣ್ಣಿಗೆ ತುಂಬುವಂತೆ ತಡೆದಂಥವು ಎಷ್ಟು ಹುಡುಕಿದರೂ ಸಿಕ್ಕಿದ್ದು ನಾಲ್ಕು. "ನಾಲ್ಕಿದೆ."

"ನಾಲ್ಕೇನಾ? ಇಡೀ ವರ್ಷದಲ್ಲಿ? ನಾದಿನಿ ಕಣ್ಣಿಗೂ ಇಷ್ಟು ಬರ ಬರಬಾರ್ದಮ್ಮ."

ಅವರು ನಗುತ್ತಿದ್ದರು. ಅವಳು ಸುಳ್ಳು ಹೇಳಬಹುದಿತ್ತು. ಹತ್ತು ಆರಿಸಿ ಕೊಟ್ಟಿದ್ದರೆ ಭಾವನಿಗೂ ಗೊತ್ತಾಗುತ್ತಿರಲಿಲ್ಲ, ಮ್ಯಾನೇಜರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸುಳ್ಳಿಗೆ ಮಾತು ಬೇಕು, ಅವಳಲ್ಲಿ ಮಾತಿರಲಿಲ್ಲ. ಪರದೆಯನ್ನು ಅವರ ಕಡೆಗೆ ತಿರುಗಿಸಿ, ಗುಬ್ಬಿ ಓಡಿ ಬಂದ ದಾಳಿಗಳನ್ನು ಒಂದೊಂದಾಗಿ ಹಾಕಿದಳು.

ಮೊದಲ ಎರಡರಲ್ಲಿ ಭಾವ ತಮ್ಮನ್ನೇ ನೋಡಿಕೊಂಡರು. ಮೂರನೆಯದರಲ್ಲಿ ಅವರ ನಗು ನಿಂತಿತು. "ಇವನ್ಯಾಕೆ ಇಲ್ಲಿ?" ಎಂದರು. ಅವಳು ನಾಲ್ಕನೆಯದು ಹಾಕಿದಳು, ಐದನೆಯದು, ಆರನೆಯದು. ಹನ್ನೊಂದನೆಯದರ ಹೊತ್ತಿಗೆ ಅವರು ಪರದೆಗೆ ಹತ್ತಿರ ಬಗ್ಗಿ ಗುಬ್ಬಿಯ ಪಾದಗಳನ್ನಷ್ಟೇ ನೋಡುತ್ತಿದ್ದರು.

"ಇನ್ನೊಂದ್ಸಲ ಹಾಕು."

ಹಾಕಿದಳು.

"ಎಡಗಾಲು ಮೊದಲು ತೆಗೀತಾನೆ ನೋಡು, ತಪ್ಪು. ಬಲಗಾಲು ತೆಗೆದ್ರೆ ಅರ್ಧ ಹೆಜ್ಜೆ ಉಳಿಯುತ್ತೆ. ನಾನೇ ಹೇಳಿಕೊಟ್ಟಿದ್ದು." ಅವರು ಪರದೆಯಿಂದ ಹಿಂದಕ್ಕೆ ಸರಿದರು. "ಎಣಿಸಿದ್ಯಾ?"

"ಮುನ್ನೂರ ನಲವತ್ತೊಂದರಲ್ಲಿ ಇನ್ನೂರ ಹನ್ನೆರಡು."

"ಪಾಪ, ಹುಡುಗರು ದಣಿದಿರ್ಬೇಕು."

ಮೊಣಕಾಲಿನ ಮೇಲೆ ಕೈಯೂರಿ ಎದ್ದರು. ಬಾಗಿಲಲ್ಲಿ ನಿಂತು, ಅವಳ ಕಡೆ ನೋಡದೆ ಹೇಳಿದರು: "ಶನಿವಾರ ಕೊನೇ ಪಂದ್ಯ. ಸೋತ್ರೂ ಗೆದ್ರೂ ನಮ್ಮ ಸ್ಥಾನ ಬದಲಾಗಲ್ಲ. ಅವತ್ತು ಯಾರೂ ನನ್ನ ಹಿಂದೆ ಬರಬಾರ್ದು ಅಂತ ಹೇಳ್ತೀನಿ. ನೀನು ಅದನ್ನ ಎಣಿಸು. ಬರೀ ಅಜ್ಜನ ಲೆಕ್ಕ."

ಶನಿವಾರ ನಾಲ್ಕು ಗಂಟೆಗೆ ಪಂದ್ಯ ಶುರುವಾಯಿತು. ಕ್ಯಾಮೆರಾ ಇಟ್ಟಿದ್ದ ಮೇಲಿನ ಸಾಲಿನಲ್ಲಿ ಲೆಕ್ಕದಮ್ಮ ಕೂತಿದ್ದಳು. ಎದುರಾಳಿ ತಂಡದ ಇಪ್ಪತ್ತರ ಹುಡುಗ ಮೊದಲ ಸಲ ಭಾವನ ಮೇಲೆ ಬಂದಾಗ ಗುಬ್ಬಿಯ ಬೆರಳು ತೊಡೆಗೆ ಹೋಗಿ ಅಲ್ಲೇ ನಿಂತಿತು. ಹುಡುಗ ಭಾವನನ್ನು ದಾಟಿದ. ಮುಂದೆ ಯಾರೂ ಇರಲಿಲ್ಲ. ಅಷ್ಟು ಖಾಲಿ ಜಾಗ ಸಿಕ್ಕಿದ್ದಕ್ಕೆ ಅವನಿಗೇ ಅನುಮಾನ ಬಂದು ಒಮ್ಮೆ ಹಿಂದೆ ತಿರುಗಿ ನೋಡಿ ಚೆಂಡು ಹಾಕಿದ.

ಎರಡನೇ ಸಲವೂ ಹಾಗೇ. ಮೂರನೇ ಸಲ ಭಾವ ಮೊದಲೇ ಊಹಿಸಿ ದಾರಿಗೆ ನಿಂತರು, ಹುಡುಗ ಎದೆಗೆ ಡಿಕ್ಕಿ ಹೊಡೆದು ಚೆಂಡು ಕಳೆದುಕೊಂಡ. ಆಮೇಲೆ ಮತ್ತೆ ಮೂರು ಸಲ ದಾಟಿದ. ಬೆಂಚಿನಿಂದ ಕೋಚ್ ಎದ್ದು ಕಿರುಚಿದರು: "ಏಣೀ! ಮರ ನೆಟ್ಟಂಗೆ ನಿಂತಿದ್ದೀಯಲ್ಲೋ! ಹೋಗೋ!" ಏಣಿ ಭಾವನ ಮುಖ ನೋಡಿದ, ಹೋಗಲಿಲ್ಲ. ಮೆಟ್ಟಿಲ ಮೇಲಿಂದ ಯಾರೋ "ಅಜ್ಜಾ, ಮೊಮ್ಮಕ್ಕಳು ಕಾಯ್ತಿದ್ದಾರೆ, ಮನೆಗೆ ಹೋಗು!" ಎಂದು ಕೂಗಿದರು. ಜನ ನಕ್ಕರು. ಅವಳು ಸಾಲು ತುಂಬಿಸುತ್ತ ಹೋದಳು. ಒಮ್ಮೆ ಮಾತ್ರ ಗುಬ್ಬಿ ತಡೆಯಲಾಗದೆ ಓಡಿ ಬಂದ. ಭಾವ ಆಟದ ನಡುವೆಯೇ ಅವನ ಎದೆಗೆ ಅಂಗೈ ಇಟ್ಟು ಹಿಂದಕ್ಕೆ ತಳ್ಳಿದರು. ಆ ದಾಳಿಯನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರನೇ ಕ್ವಾರ್ಟರಿನಲ್ಲಿ ಕೋಚ್ ಭಾವನನ್ನು ಹೊರಗೆ ಕರೆದರು. ಅಷ್ಟರಲ್ಲಿ ಹದಿನಾರು ದಾಳಿ, ಹನ್ನೊಂದು ಸಲ ಸೋತಿದ್ದರು, ಐದು ಸಲ ತಡೆದಿದ್ದರು. ತಂಡ ನಾಲ್ಕು ಪಾಯಿಂಟಿನಿಂದ ಸೋತಿತು.

ಭಾನುವಾರ ಅಕ್ಕ ಬಟ್ಟೆ ಮಡಚುತ್ತಿದ್ದವಳು ತಂಗಿಯ ಎದುರಿಗೆ ಬಂದು ನಿಂತಳು. ಭಾವ ಅವಳಿಗೆ ಎಲ್ಲ ಹೇಳಿದ್ದರು.

"ಹತ್ತು ಕೇಳಿದ್ರು. ಹತ್ತು ಕೊಡೋಕೆ ನಿನ್ ಗಂಟೇನು ಹೋಗ್ತಿತ್ತೇ?"

"ಇರಲಿಲ್ಲ ಅಕ್ಕ."

"ಇರಲಿಲ್ಲ ಅಂತೆ! ಆರು ವರ್ಷದಿಂದ ಈ ಮನೇಲಿ ಇದ್ದೀಯ. ಉಂಡ ಮನೆಗೆ ಎರಡು ಬಗೆದ್ಯಲ್ಲೇ. ಅವರ ಬೆನ್ನ ಹಿಂದೆ ಹೊರಗಿನ ಹುಡುಗರು ಓಡಿದ್ರು. ನೀನು ಕೂತು ಎಣಿಸಿದೆ!"

ಬಾಲ್ಕನಿಯಿಂದ ಭಾವ ಹೇಳಿದರು: "ಅವಳನ್ನ ಬೈಬೇಡ. ಎಣಿಸು ಅಂದಿದ್ದು ನಾನು."

"ನೀವು ಸುಮ್ನಿರಿ. ನಿಮಗೆ ಬುದ್ಧಿ ಇಲ್ಲ, ಇವಳಿಗೆ ಕರುಳಿಲ್ಲ."

ಲೆಕ್ಕದಮ್ಮ ನಿಂತಲ್ಲೇ ನಿಂತಿದ್ದಳು. ಅಳು ಬಂದರೆ ಅಕ್ಕನಿಗಾದರೂ ಸಮಾಧಾನವಾಗುತ್ತಿತ್ತು ಎಂದು ಅವಳಿಗೆ ತೋರಿತು. ಬರಲಿಲ್ಲ. ಅಕ್ಕ ಮಡಚಿದ ಬಟ್ಟೆಯಲ್ಲಿ ತಂಗಿಯದನ್ನು ಬೇರೆ ತೆಗೆದು ಕುರ್ಚಿಯ ಮೇಲೆ ಎಸೆದು ಹೋದಳು. ಲೆಕ್ಕದಮ್ಮ ಅವನ್ನೆತ್ತಿಕೊಂಡು ಕೋಣೆಗೆ ಹೋಗಿ ನಿದ್ದೆ ಮಾಡಿದಳು. ಕನಸೂ ಬೀಳಲಿಲ್ಲ.

ಸೋಮವಾರ ಹನ್ನೊಂದಕ್ಕೆ ಮ್ಯಾನೇಜರ ಕೋಣೆಯಲ್ಲಿ ಮೂವರೂ ಕೂತರು. ಮೇಜಿನ ಮೇಲೆ ಎರಡು ಹಾಳೆ. ಒಂದರಲ್ಲಿ ವರ್ಷದ ಲೆಕ್ಕ, ನೂರಕ್ಕೆ ಎಂಟು ಪಾಯಿಂಟ್ ಕಮ್ಮಿ, ಪಕ್ಕದ ಹೊಸ ಕಾಲಂನಲ್ಲಿ ಹುಡುಗರು ಮೊದಲೇ ಓಡಿದ ಇನ್ನೂರ ಹನ್ನೆರಡು ಸಲ. ಇನ್ನೊಂದರಲ್ಲಿ ಶನಿವಾರದ ಲೆಕ್ಕ, ಹದಿನಾರಕ್ಕೆ ಐದು. ಮ್ಯಾನೇಜರು ಎರಡನ್ನೂ ಓದಿ ಕನ್ನಡಕ ತೆಗೆದರು.

"ಯಾವ್ದು ನಿಜ?"

"ಎರಡೂ," ಅಂದಳು ಲೆಕ್ಕದಮ್ಮ.

ಭಾವ ಶನಿವಾರದ ಹಾಳೆಯ ಮೇಲೆ ಬೆರಳಿಟ್ಟರು. "ಇದು ನಂದು. ಅದು ಹುಡುಗರದ್ದು."

ಮ್ಯಾನೇಜರು ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಭಾವನನ್ನು ಬಿಟ್ಟು ಅವಳ ಕಡೆ ತಿರುಗಿದರು. "ನಾನು ಇವರ ಜಾಗಕ್ಕೆ ಇನ್ನೊಬ್ಬನ್ನ ತಂದೆ ಅಂತ ಇಟ್ಕೋ. ಅವನಿಗೂ ಈ ಹುಡುಗರು ಹೀಗೇ ಓಡ್ತಾರಾ?"

ಅವಳನ್ನು ಕೇಳಬೇಕಿದ್ದ ಪ್ರಶ್ನೆ ಅದೊಂದೇ. ನಲ್ಲಿಯ ಹತ್ತಿರ ಗುಬ್ಬಿ ಹೇಳಿದ್ದ ‘ಅಜ್ಜ ಅಲ್ವಾ’ ಬಾಯಿಗೆ ಬಂತು. ಅದನ್ನು ಹೇಳಿದ್ದರೆ ಇನ್ನೊಂದು ವರ್ಷ ಹೆಚ್ಚು ಸಿಗುತ್ತಿತ್ತೋ ಏನೋ. ಆದರೆ ಅದು ಒಬ್ಬ ಹುಡುಗ ಒಂದು ಸಲ ಹೇಳಿದ ಮಾತು. ಒಂದೇ ಸಲ ಕಂಡದ್ದನ್ನು ಅವಳು ಯಾವತ್ತೂ ಹಾಳೆಗೆ ಬರೆದವಳಲ್ಲ.

"ಗೊತ್ತಿಲ್ಲ ಸರ್. ಅದಕ್ಕೆ ವಿಡಿಯೋ ಇಲ್ಲ."

ಭಾವ ತಲೆಯಾಡಿಸಿದರು, ಸರಿಯಾದ ಪಾಸ್ ಕೊಟ್ಟವರಿಗೆ ಆಡಿಸುವಂತೆ. ಮ್ಯಾನೇಜರು ಪೆನ್ನು ತೆಗೆದು ಒಪ್ಪಂದಪತ್ರದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಒಂದು ವರ್ಷ ಎಂದು ಬರೆದರು. ಪಂದ್ಯಕ್ಕೆ ಎಂಟು ನಿಮಿಷ ಮಾತ್ರ ಆಟ ಎಂದು ಕೆಳಗೆ ಸೇರಿಸಿದರು. ಭಾವ ಓದಿ ನೋಡಿ ಸಹಿ ಹಾಕಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಇಬ್ಬರೂ ನಡೆದೇ ಮನೆಗೆ ಹೋದರು. ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಶಾಲೆಯ ಕಬ್ಬಿಣದ ಗೇಟು. ಗೇಟಿನ ಹತ್ತಿರ ಭಾವ ಕೇಳಿದರು: "ನೀನಾಗಿದ್ರೆ ಎಷ್ಟು ಬರೀತಿದ್ದೆ?"

"ಒಂದು."

"ನಾನು ಏನೂ ಕೊಡ್ತಿರಲಿಲ್ಲ," ಎಂದರು ಭಾವ. ತಮಾಷೆಯೋ ನಿಜವೋ ತಿಳಿಯಲಿಲ್ಲ. ಅವಳು ಅವರ ಮುಖ ನೋಡಲಿಲ್ಲ.

ಬಾಗಿಲು ತೆಗೆದ ಅಕ್ಕ ಇಬ್ಬರನ್ನೂ ಒಂದೊಂದು ಸಲ ನೋಡಿದಳು.

"ಎಷ್ಟು?"

"ಒಂದು," ಎಂದರು ಭಾವ, ಶೂ ಬಿಚ್ಚುತ್ತ.

ಅಕ್ಕ ಬೈಯಲಿಲ್ಲ. ಮಗಳಿಗೆ ಒಂದು ತರಗತಿ ಮುಗಿಯುತ್ತದೆ, ಒಂದು ಉಳಿಯುತ್ತದೆ, ಎಂದು ಅವಳ ಬೆರಳು ತನ್ನಷ್ಟಕ್ಕೆ ಮಡಚಿಕೊಂಡಿತು.

"ಮುಂದಿನ ವರ್ಷ ಮತ್ತೆ ಬರೀತಾರಾ ಆ ಹಾಳೆ?"

"ಬರೀತಾರೆ."

"ಯಾರು ಬರೆಯೋದು?"

ಭಾವ ಎರಡನೇ ಶೂ ಬಿಚ್ಚಿ ಮೊದಲನೆಯದರ ಪಕ್ಕಕ್ಕಿಟ್ಟರು. "ಇವಳೇ. ಇನ್ಯಾರು?"

ಅಕ್ಕ ತಂಗಿಯನ್ನು ನೋಡಿದಳು. ತಂಗಿ ಹೂಂ ಎಂದಳು. ಅಕ್ಕ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅವಳಿಗೆ ಒಳಗೆ ಬರಲು ದಾರಿ ಬಿಟ್ಟಳು.