ಎರಡು ಪ್ರಬಂಧ, ಒಬ್ಬಳೇ ಅಮ್ಮ

ಮಾವ ಎರಡೂ ಪ್ರಬಂಧಗಳನ್ನು ಓದಿ ಮುಗಿಸಿದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಹಾಳೆಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಏನೋ ಎಡವಟ್ಟಾಗಿದೆ ಎಂದು ದೊಡ್ಡವಳಿಗೆ ಆಗಲೇ ಅನ್ನಿಸಿತು. ಮಾವ ಹಾಗೆ ಕನ್ನಡಕ ಒರೆಸಿದರೆ ಯಾರದೋ ಬರವಣಿಗೆಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಪತ್ರಿಕೆಯ ಡೆಸ್ಕಿನಲ್ಲಿ ಮೂವತ್ತು ವರ್ಷ ಬೇರೆಯವರ ವಾಕ್ಯಗಳನ್ನು ಕತ್ತರಿಸಿ ನಿವೃತ್ತರಾದವರು ಅವರು.

"ಏನ್ರೇ ಇದು? ಇಬ್ರೂ ನಿಮ್ಮಮ್ಮನ್ನೇ ಬರ್ದಿದೀರಿ. ಅದೂ ಒಂದೇ ಘಟನೆ!"

ಅಕ್ಕ ತಂಗಿ ಮುಖ ಮುಖ ನೋಡಿಕೊಂಡರು. ಒಬ್ಬಳು ಅಡುಗೆಮನೆಯಲ್ಲಿ, ಇನ್ನೊಬ್ಬಳು ಮೆಟ್ಟಿಲ ಮೇಲೆ ಕುಳಿತು ಬರೆದದ್ದು. ಒಬ್ಬರದನ್ನೊಬ್ಬರು ನೋಡಿರಲಿಲ್ಲ.

"ಇವಳೇ ನನ್ನ ತಲೆ ಒಳಗೆ ಇಣುಕಿರ್ಬೇಕು," ಎಂದಳು ಚಿಕ್ಕವಳು. ಅವಳಿಗೆ ಮನೆಯಲ್ಲಿ ರೇಡಿಯೋ ಎಂದು ಅಡ್ಡಹೆಸರು. ಆಫ್ ಮಾಡುವ ಗುಂಡಿ ಇಲ್ಲದ ರೇಡಿಯೋ.

"ಇಣುಕೋಕೆ ಅಲ್ಲೇನಿದೆ?" ಎಂದಳು ದೊಡ್ಡವಳು.

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಇನ್ನು ಮೂರು ವಾರವಿತ್ತು. ಒಬ್ಬರಿಗೆ ಎರಡೇ ಸಲ ಅವಕಾಶ. ಚಿಕ್ಕವಳಿಗೆ ಇದು ಮೊದಲನೆಯದು, ದೊಡ್ಡವಳಿಗೆ ಕೊನೆಯದು. ಕಳೆದ ಸಲ ಉಳಿದೆಲ್ಲ ಭಾಗಗಳಲ್ಲಿ ಅವಳಿಗೆ ಒಳ್ಳೆಯ ಅಂಕ ಬಂದಿತ್ತು, ಮುಳುಗಿಸಿದ್ದು ಪ್ರಬಂಧ. ಇಪ್ಪತ್ತಕ್ಕೆ ಆರು. ಮಾರುಕಟ್ಟೆಯ ಗೈಡು ಉರುಹೊಡೆದು ಜಗತ್ತಿನ ಮಹಾಪುರುಷರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದಳು. ಪ್ರಶ್ನೆ ಯಾವುದಾದರೂ ಅವರು ಬಂದು ಹೋಗುತ್ತಿದ್ದರು, ಮದುವೆ ಮನೆಗೆ ಬಂದ ಮಂತ್ರಿಗಳ ಹಾಗೆ. ಆಮೇಲೆ ಒಂದು ವರ್ಷ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾ, ಬೇರೆಯವರ ಅರ್ಜಿಗಳ ಪ್ರತಿ ತೆಗೆಯುತ್ತಾ ಕಾದಿದ್ದಳು.

ಈ ಸಲ ಮಾವ ತಾವಾಗಿಯೇ ಪಾಠಕ್ಕೆ ಕುಳಿತಿದ್ದರು. ಅವರ ಕ್ರಮ ಸರಳ. ನೂರು ಉದಾಹರಣೆ ಬೇಡ. ನಿಮ್ಮ ಬದುಕಿನಿಂದ ಒಂದು, ಓದಿದ ಪುಸ್ತಕದಿಂದ ಒಂದು. ಎರಡನ್ನೂ ಯಾವ ಪ್ರಶ್ನೆಗೆ ಬೇಕಾದರೂ ತಿರುಗಿಸುವಷ್ಟು ಚೆನ್ನಾಗಿ ತಿಳಿದುಕೊಳ್ಳಿ. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಚೀಟಿಗಳಿದ್ದವು: ಸೋಲು, ಯಂತ್ರ, ಸ್ನೇಹ, ಅಧಿಕಾರ. ಬಂದ ಚೀಟಿಗೆ ಅದೇ ಎರಡು ಉದಾಹರಣೆಗಳನ್ನು ಹೊಂದಿಸಬೇಕು. ಹೊಂದದಿದ್ದರೆ ತಪ್ಪು ಚೀಟಿಯದಲ್ಲ. ಉದಾಹರಣೆಯನ್ನು ನೀವಿನ್ನೂ ಪೂರ್ತಿ ನೋಡಿಲ್ಲ ಎಂಬುದು ಅವರ ತೀರ್ಪು.

ಪುಸ್ತಕದ ವಿಷಯದಲ್ಲಿ ಜಗಳವಾಗಲಿಲ್ಲ. ದೊಡ್ಡವಳು ಶಾಲೆಯಲ್ಲಿ ಓದಿದ್ದ ಕಾದಂಬರಿಯೊಂದನ್ನು ಆರಿಸಿದ್ದಳು. ನದಿ ದಿಕ್ಕು ಬದಲಿಸಿ ಹೋದ ಊರಿನಲ್ಲಿ ದೋಣಿ ಕಟ್ಟುತ್ತಲೇ ಇರುವ ಮುದುಕನ ಕಥೆ ಅದು. ಚಿಕ್ಕವಳದು ಬೇರೆ ಪುಸ್ತಕ. ಜಗಳ ಹತ್ತಿದ್ದು ಅಮ್ಮನ ವಿಷಯಕ್ಕೆ.

ಅಮ್ಮ ಹಡಗುಕಟ್ಟೆಯ ದಾಸ್ತಾನು ಅಂಗಳದಲ್ಲಿ ಕ್ರೇನ್ ನಡೆಸುತ್ತಿದ್ದಳು. ನಾಲ್ಕು ಅಂತಸ್ತಿನ ಎತ್ತರದಲ್ಲಿ ಗಾಜಿನ ಪುಟ್ಟ ಕೋಣೆ, ಎರಡು ಕೈಗೆ ಎರಡು ಹಿಡಿಕೆ, ಕಾಲ ಕೆಳಗೆ ಲೋಕ. ನೆಲದಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸನ್ನೆಗಾರ ನಿಂತಿರುತ್ತಾನೆ. ಎತ್ತು, ಇಳಿಸು, ಎಡಕ್ಕೆ, ಬಲಕ್ಕೆ, ಎಲ್ಲವೂ ಅವನ ಕೈಸನ್ನೆಯಂತೆಯೇ. ಮ್ಯಾನೇಜರೇ ಬಂದು ಕೂಗಿದರೂ ಅಮ್ಮ ಕಿವಿಗೆ ಹಾಕಿಕೊಳ್ಳುವಂತಿಲ್ಲ. ಆದರೆ 'ನಿಲ್ಲಿಸು' ಎಂಬ ಒಂದು ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ಗುಡಿಸುವವಳು ಕೈ ಎತ್ತಿದರೂ ಕ್ರೇನ್ ನಿಲ್ಲಬೇಕು. ಒಮ್ಮೆ ಗುಡಿಸುವವಳು ಹಾಗೆ ಕೈ ಎತ್ತಿದ್ದಳು, ಅಮ್ಮ ನಿಲ್ಲಿಸಿದ್ದಳು. ನೋಡಿದರೆ ಕೊಕ್ಕೆಯ ಸರಪಳಿಯ ಒಂದು ಕೊಂಡಿ ಬಾಯಿ ಬಿಟ್ಟಿತ್ತು. ಇದನ್ನೇ ಇಬ್ಬರೂ ಬರೆದಿದ್ದರು.

"ಒಂದೇ ಕೇಂದ್ರ, ಉತ್ತರಪತ್ರಿಕೆಗಳ ಒಂದೇ ಕಟ್ಟು, ಬಹುಶಃ ಒಬ್ರೇ ಮೌಲ್ಯಮಾಪಕರು," ಎಂದರು ಮಾವ. "ಇಬ್ಬರು ಹುಡುಗೀರು, ಒಂದೇ ಅಮ್ಮ, ಒಂದೇ ಸರಪಳಿ. ಕಾಪಿ ಅಂತ ಇಬ್ರನ್ನೂ ಆಚೆ ಹಾಕ್ತಾರೆ. ಒಬ್ಬರು ಬಿಡ್ಬೇಕು."

"ಹಾಗಾದ್ರೆ ಅಪ್ಪನ್ನ ಯಾರಾದ್ರೂ ತಗೋಬಹುದಲ್ಲ?" ಎಂದಳು ಚಿಕ್ಕವಳು. ಅಪ್ಪ ಸರಕು ಹಡಗಿನಲ್ಲಿ ಅಡುಗೆಯವರು. ವರ್ಷದ ಮುಕ್ಕಾಲು ಪಾಲು ಫೋನಿನೊಳಗೇ ಇರುತ್ತಿದ್ದರು.

"ಅಪ್ಪ 'ಹಲೋ ಕೇಳಿಸ್ತಿದ್ಯಾ' ಅನ್ನೋದು ಬಿಟ್ರೆ ನಮಗೇನ್ ಗೊತ್ತು?" ಎಂದಳು ದೊಡ್ಡವಳು.

ಪಾಳಿ ಮುಗಿಸಿ ಬಂದ ಅಮ್ಮ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದಳು. "ನಾನೇನ್ ಸೈಟಾ, ಗೆರೆ ಎಳ್ದು ಹಂಚ್ಕೊಳ್ಳೋಕೆ? ಅಣ್ಣ, ನೀನೂ ಸೇರ್ಕೊಂಡಿದೀಯಲ್ಲ ಇವ್ರ ಜೊತೆ!" ಬೈಗುಳವೇನೋ ಹೌದು, ಆದರೆ ಮುಖ ಒಳಗಿನಿಂದ ಅರಳಿದ್ದನ್ನು ಅವಳಿಗೆ ಮುಚ್ಚಿಡಲಾಗಲಿಲ್ಲ.

"ಅಕ್ಕನೇ ಇಟ್ಕೊಳ್ಳಲಿ," ಎಂದಳು ಚಿಕ್ಕವಳು ಇದ್ದಕ್ಕಿದ್ದಂತೆ. "ಅವಳಿಗೆ ಇದು ಕೊನೇ ಸಲ."

 ಒಂದು ವರ್ಷ ಯಾರ ಮುಂದೆಯೂ ಕಣ್ಣೀರು ಹಾಕದವಳು ದೊಡ್ಡವಳು. ತಂಗಿಯ ಹಾಳೆಯನ್ನು ಎಳೆದುಕೊಂಡು ಓದಿದಳು. ಗುಡಿಸುವವಳ ಕೈ, ಅಮ್ಮನ ಹಿಡಿಕೆ, ನಿಂತ ಸರಪಳಿ, ಎಲ್ಲ ಕಣ್ಣಿಗೆ ಕಟ್ಟುವಂತಿತ್ತು. ತನ್ನದರಲ್ಲಿ 'ತ್ಯಾಗಮಯಿ', 'ಧೀಮಂತ' ಎಂಬ ಮಾತುಗಳಿದ್ದವು. ಅವುಗಳ ಪಕ್ಕದಲ್ಲಿ ಮಾವ ನೀಲಿ ಪೆನ್ಸಿಲಿನಲ್ಲಿ ಬರೆದಿದ್ದರು: ಯಾವಾಗ? ಯಾವುದನ್ನು?

"ಬೇಡ. ನಿನ್ನದೇ ಚೆನ್ನಾಗಿದೆ, ನೀನೇ ಬರಿ," ಎಂದಳು. "ನನಗೆ ದಾನ ಬೇಡ. ಬೇರೆ ಹುಡುಕ್ತೀನಿ."

"ಎಲ್ಲಿ ಹುಡುಕ್ತೀಯೇ?" ಎಂದಳು ಚಿಕ್ಕವಳು.

"ಅಮ್ಮನಲ್ಲೇ. ಅಮ್ಮ ಇಷ್ಟೆತ್ತರ ಇದಾಳೆ, ಒಂದೇ ಘಟನೆನಾ ಇರೋದು?"

ಮಾವ ಹಾಳೆಗಳನ್ನು ಇಬ್ಬರಿಗೂ ಹಿಂದಿರುಗಿಸಿದರು. ಈ ಸಲ ಕನ್ನಡಕ ಒರೆಸಲಿಲ್ಲ.

ಮರುದಿನ ಅಂಗಡಿಗೆ ರಜೆ ಹೇಳಿ ಅವಳು ಅಂಗಳಕ್ಕೆ ಹೋದಳು. ಹಳದಿ ಗೆರೆಯಾಚೆ, ಗೇಟಿನ ಕಚೇರಿಯ ಕಿಟಕಿಯ ಹಿಂದೆ ಕುಳಿತು ನೋಡಲು ಮನೆಯವರಿಗೆ ಅನುಮತಿಯಿತ್ತು. ಚಿಕ್ಕಂದಿನಿಂದ ಎಷ್ಟೋ ಸಲ ಅಲ್ಲಿ ಕುಳಿತಿದ್ದಳು. ಆದರೆ ಅಮ್ಮನಿಗೆ ಕೈ ಬೀಸಿದ್ದಳೇ ಹೊರತು ಅಮ್ಮನ ಕೆಲಸ ನೋಡಿರಲಿಲ್ಲ. ಈಗ ನೋಡಿದಳು. ಕ್ರೇನ್ ಉಕ್ಕಿನ ಕೊಳವೆಗಳ ಕಟ್ಟನ್ನು ಎತ್ತಿ ಒಯ್ಯುತ್ತಿತ್ತು. ಕಡಲ ಕಡೆಯಿಂದ ಗಾಳಿ ನುಗ್ಗಿತು. ಕಟ್ಟು ಗಂಟೆಯ ನಾಲಿಗೆಯ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ ತೂಗತೊಡಗಿತು. ಸನ್ನೆಗಾರ ಎರಡು ಹೆಜ್ಜೆ ಹಿಂದೆ ಸರಿದ.

ಈಗ ಅಮ್ಮ ಅದನ್ನು ಹಿಂದಕ್ಕೆ ಎಳೆಯುತ್ತಾಳೆ ಎಂದುಕೊಂಡಳು ದೊಡ್ಡವಳು. ಅಮ್ಮ ಎಳೆಯಲಿಲ್ಲ. ಕಟ್ಟು ಯಾವ ಕಡೆಗೆ ಓಡಿತೋ ಅದೇ ಕಡೆಗೆ ಕ್ರೇನನ್ನೂ ಓಡಿಸಿದಳು. ಕಟ್ಟು ತನ್ನ ಓಟದ ತುದಿ ಮುಟ್ಟುವ ಹೊತ್ತಿಗೆ ಕ್ರೇನ್ ಸರಿಯಾಗಿ ಅದರ ನೆತ್ತಿಯ ಮೇಲೆ ಬಂದು ನಿಂತಿತು. ಅಷ್ಟೇ. ಅಷ್ಟು ಭಾರದ ಉಕ್ಕು ಗೋಡೆಗೆ ತೂಗುಹಾಕಿದ ಚಿತ್ರದ ಹಾಗೆ ಸ್ತಬ್ಧವಾಯಿತು. ಕೆಳಗಿದ್ದವರೆಲ್ಲ ಕತ್ತೆತ್ತಿ ನಿಂತಿದ್ದರು. ಸನ್ನೆಗಾರನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಇಳಿಸು ಎನ್ನುವುದನ್ನೂ ಮರೆತವನ ಹಾಗೆ.

ಅವತ್ತು ಸಂಜೆ ಅವಳು ಅಮ್ಮನನ್ನು ಹಿಡಿದು ಕೂರಿಸಿದಳು. ಮೇಜಿನ ಮೇಲೆ ಹೊರೆಯ ಬದಲಿಗೆ ದಾರಕ್ಕೆ ಕಟ್ಟಿದ ಬೀಗ.

"ಹಿಂದಕ್ಕೆ ಎಳೆದ್ರೆ ಏನಾಗುತ್ತೆ?"

"ಇನ್ನೂ ಜಾಸ್ತಿ ತೂಗುತ್ತೆ. ಹೊಸಬರೆಲ್ಲ ಮಾಡೋದು ಅದನ್ನೇ. ಹೆದರಿಕೆ, ಇನ್ನೇನು."

"ಬೇಗ ಹೋದ್ರೆ?"

"ದಾಟಿಬಿಡ್ತೀಯ. ಆಗ ಆ ಕಡೆಗೆ ಶುರು."

"ಎಷ್ಟು ಬೇಗ ಅಂತ ಹೇಗೆ ಗೊತ್ತಾಗುತ್ತೆ?"

ಅಮ್ಮ ಯೋಚಿಸಿದಳು. "ಹೊರೆ ಹೇಳುತ್ತೆ. ಅದರ ಹಗ್ಗ ನೋಡ್ತಿರ್ಬೇಕು. ಲಾಯರಮ್ಮಾ, ಸಾಕು ಬಿಡೇ, ಪಾಟೀಸವಾಲು! ಹಸಿವಾಗ್ತಿದೆ."

ಮೂರು ವಾರ ಡಬ್ಬಿಯ ಚೀಟಿಗಳು ಆ ತೂಗಾಟದ ಮುಂದೆ ಒಂದೊಂದಾಗಿ ಮಣಿದವು. ಸಿಟ್ಟು ಬಂತು, ಎದುರು ಎಳೆಯದೆ ಜೊತೆಗೆ ಹೋಗುವುದು. ಬದಲಾವಣೆ ಬಂತು, ತಪ್ಪು ಬಂತು, ನಾಯಕತ್ವ ಬಂತು. ಸ್ನೇಹಕ್ಕೆ ಮಾತ್ರ ತಿಣುಕಾಡಿ, ಕೊನೆಗೆ ದೋಣಿಯ ಮುದುಕನನ್ನು ಕರೆತಂದಳು. "ಇವಳು ನನ್ನ ಡಬ್ಬಿ ಖಾಲಿ ಮಾಡ್ತಾಳೆ," ಎಂದು ಮಾವ ಅಮ್ಮನ ಮುಂದೆ ದೂರಿದರು. ದೂರಿನ ಧಾಟಿಯಲ್ಲಿ ಅಷ್ಟು ಹೊಗಳಿಕೆ ತುಂಬಬಲ್ಲವರು ಅವರೊಬ್ಬರೇ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತಿರುಗಿಸಿದಾಗ ದೊಡ್ಡವಳು ಪ್ರಬಂಧದ ಪ್ರಶ್ನೆಯನ್ನು ಎರಡು ಸಲ ಓದಿದಳು.

'ಉಪಯೋಗಕ್ಕೆ ಬಾರದ ಸೌಂದರ್ಯಕ್ಕೆ ಬೆಲೆ ಇದೆಯೇ?'

ಡಬ್ಬಿಯಲ್ಲಿ ಸೌಂದರ್ಯ ಎಂಬ ಚೀಟಿಯೇ ಇರಲಿಲ್ಲ. ಮಾವನಿಗೂ ಹೊಳೆದಿರಲಿಲ್ಲ. ಕಳೆದ ವರ್ಷದ ಮಹಾಪುರುಷರೆಲ್ಲ ಬಾಗಿಲ ಬಳಿ ಬಂದು ಕೆಮ್ಮಿದಂತಾಯಿತು. ಅವಳು ಪೆನ್ನು ಕೆಳಗಿಟ್ಟಳು. ಗಾಬರಿ ಬೀಳುವುದಾದರೆ ಇದೇ ಹೊತ್ತು. ಹಿಂದಕ್ಕೆ ಎಳೆಯಬಾರದು, ಪ್ರಶ್ನೆ ಯಾವ ಕಡೆಗೆ ಓಡುತ್ತಿದೆಯೋ ನೋಡಬೇಕು. ಅದು ಓಡುತ್ತಿದ್ದದ್ದು ದೋಣಿಯ ಕಡೆಗೆ.

ನೀರಿಲ್ಲದ ಊರಿನಲ್ಲಿ ಮುದುಕ ಕಟ್ಟಿದ ದೋಣಿ ಯಾರನ್ನೂ ದಾಟಿಸಲಿಲ್ಲ. ಆದರೂ ಅದರ ಹಲಗೆಗಳನ್ನು ಸವರಿ ನೋಡಲು ಊರೆಲ್ಲ ಬರುತ್ತಿತ್ತು. ಅದು ಒಂದು ಪಕ್ಷ. ಇನ್ನೊಂದು ಪಕ್ಷಕ್ಕೆ ಅಮ್ಮ. ಆ ಉಕ್ಕಿನ ಕಟ್ಟು ನಿಂತ ಕ್ಷಣವನ್ನು ಯಾರೂ ಸೌಂದರ್ಯ ಎನ್ನುವುದಿಲ್ಲ. ಆದರೆ ಜನ ಕತ್ತೆತ್ತಿ ನಿಂತಿದ್ದರು, ಸನ್ನೆಗಾರನ ಕೈ ಕೆಳಗಿಳಿದಿರಲಿಲ್ಲ. ಕೆಲಸ ಅಷ್ಟು ಸರಿಯಾಗಿ ಆದಾಗ ಉಪಯೋಗ ಎಲ್ಲಿ ಮುಗಿಯಿತು, ಸೌಂದರ್ಯ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವವರು ಯಾರು? ಮುದುಕನ ಕೈಯೂ ಅಮ್ಮನ ಕೈಯೂ ಒಂದೇ ಎಚ್ಚರದಲ್ಲಿ ದುಡಿದವು. ನೀರು ಇತ್ತೋ ಇಲ್ಲವೋ ಎನ್ನುವುದು ಆಮೇಲಿನ ಮಾತು. ಹಾಗೆಂದು ಬರೆದಳು. 'ತ್ಯಾಗಮಯಿ' ಎಂದು ಎಲ್ಲೂ ಬರೆಯಲಿಲ್ಲ. ಗಂಟೆ ಹೊಡೆದಾಗ ಬೆರಳುಗಳು ಮರಗಟ್ಟಿದ್ದವು.

ಹೊರಗೆ ಮಾವ ಬಿಸಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. "ಏನ್ ಬಂತು?"

ಅಕ್ಕ ತಂಗಿ ಪ್ರಶ್ನೆ ಹೇಳಿದರು. ಮಾವನ ಮುಖ ಇಳಿದುಹೋಯಿತು. "ಅಯ್ಯೋ, ನನ್ನ ತಲೆಗೆ! ಅದನ್ನ ಹಾಕೇ ಇಲ್ವಲ್ಲ ನಾನು..."

"ನಾನು ಗುಡಿಸೋಳ ಕೈನ ಸುಂದರ ಅಂತ ಹೇಳೋಕ್ಹೋಗಿ ಸಿಕ್ಕಾಕ್ಕೊಂಡೆ," ಎಂದಳು ಚಿಕ್ಕವಳು. ಮೊದಲ ಬಾರಿಗೆ ರೇಡಿಯೋ ಅಷ್ಟಕ್ಕೇ ನಿಂತಿತು.

ದೊಡ್ಡವಳು ತಾನು ಬರೆದದ್ದನ್ನು ದಾರಿಯುದ್ದಕ್ಕೂ ಹೇಳಿದಳು. ಮಾವ ಒಂದೇ ಒಂದು ಪ್ರಶ್ನೆ ಕೇಳಿದರು: "ಸನ್ನೆಗಾರನ ಕೈ ಮೇಲೇ ಇತ್ತು ಅಂದೆಯಲ್ಲ, ನೋಡಿದ್ದಾ, ಊಹೆನಾ?"

"ನೋಡಿದ್ದು."

"ಸರಿ ಹಾಗಾದ್ರೆ," ಎಂದವರು ಕೊಡೆಯನ್ನು ಅವಳ ಕಡೆಗೆ ವಾಲಿಸಿದರು.

ಫಲಿತಾಂಶ ಬಂದಾಗ ನಾಲ್ವರೂ ಒಂದೇ ಫೋನಿನ ಮೇಲೆ ಬಾಗಿದ್ದರು. ಚಿಕ್ಕವಳಿಗೆ ಸೀಟು ಸ್ವಲ್ಪದರಲ್ಲಿ ತಪ್ಪಿತ್ತು. ದೊಡ್ಡವಳ ಹೆಸರಿನ ಮುಂದೆ ಪ್ರಬಂಧಕ್ಕೆ ಇಪ್ಪತ್ತಕ್ಕೆ ಹದಿನೇಳು. ಅದರ ಕೆಳಗೆ 'ಆಯ್ಕೆಯಾಗಿದ್ದಾರೆ'. ಮಾವ ಪರದೆಯನ್ನು ಎರಡು ಸಲ ದೊಡ್ಡದು ಮಾಡಿ ನೋಡಿದರು. ಸುದ್ದಿಯನ್ನು ಎರಡು ಕಡೆಯಿಂದ ಖಚಿತ ಮಾಡಿಕೊಳ್ಳದೆ ಅವರು ನಂಬಿದವರಲ್ಲ. ಚಿಕ್ಕವಳು ಒಂದು ಗಳಿಗೆ ತುಟಿ ಕಚ್ಚಿ, ಆಮೇಲೆ ಅಕ್ಕನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ಹೋಗೇ! ಮುಂದಿನ ವರ್ಷ ಅಮ್ಮ ಪೂರ್ತಿ ನಂದೇ."

 ಅಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ತನ್ನ ಫೋನು ತೆಗೆದುಕೊಂಡು ಕಿಟಕಿಯ ಬಳಿಗೆ ಹೋದಳು.

"ಹಲೋ, ಸನ್ನೆಗಾರಣ್ಣ... ಹೂಂ, ಈಗಷ್ಟೇ ಗೊತ್ತಾಯ್ತು. ದೊಡ್ಡೋಳಿಗೆ ಲಾ ಕಾಲೇಜು! ಏನ್ ಬರ್ದಿದಾಳೆ ಗೊತ್ತಾ? ನಮ್ಮ ಕ್ರೇನು! ನಮ್ಮ ಕೆಲ್ಸಾನೇ ಬರ್ದು ಗೆದ್ಲು... ಹೌದಪ್ಪಾ, ನೀವೂ ಇದೀರ." ಫೋನನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ತಿರುಗಿ ಪಿಸುಗುಟ್ಟಿದಳು, "ಅವ್ರೂ ಇದಾರೆ ತಾನೇ?"

"ಇದಾರಮ್ಮ," ಎಂದಳು ದೊಡ್ಡವಳು. "ಕೈ ಸಮೇತ."

ಅಮ್ಮ ಫೋನನ್ನು ಮತ್ತೆ ಕಿವಿಗೆ ಹಿಡಿದು, ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಮೊದಲಿನಿಂದ ಶುರುಮಾಡಿದಳು.