ಬೂಟು ಕಳಚಿಟ್ಟಲ್ಲಿ

ಶ್ರೀಕಾರ್ಯಂನ ನಮ್ಮ ಮನೆಯ ಗೇಟಿಗೆ ನಾನು ಹಗಲು ಹೊತ್ತಿನಲ್ಲೂ ಬೀಗ ಹಾಕುತ್ತಿದ್ದೆ. ಯಾಕೆಂದು ಕೇಳಿದವರಿಗೆ ಬೀದಿನಾಯಿ ಕಾಟ ಎಂದು ಹೇಳುತ್ತಿದ್ದೆ. ನಿಜವಾದ ಕಾರಣ ನಮ್ಮ ಯಜಮಾನರು. ಗೆಡ್ಡೆ ಬೆಳೆಗಳ ಸಂಶೋಧನೆಯಲ್ಲಿ ಜೀವಮಾನ ಕಳೆದು, ಮರಗೆಣಸಿನ ಎಲೆ ನೋಡಿಯೇ ತಳಿ ಹೇಳುತ್ತಿದ್ದ ಶ್ರೀಪತಿಯವರಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಹೆಸರುಗಳನ್ನು ಮರೆತರೆ ಮರೆಯಲಿ, ಅದು ನನಗೂ ಆಗುತ್ತದೆ. ಆದರೆ ಈ ಮನುಷ್ಯ ದಾರಿ ಮರೆಯತೊಡಗಿದರು. ಕೊಚ್ಚಿಯಲ್ಲಿ ಮಗಳ ಮನೆಗೆ ಹೋಗಿದ್ದಾಗ, ಕಾಕ್ಕನಾಡಿನ ಫ್ಲ್ಯಾಟಿನಿಂದ ಪೇಪರ್ ತರಲು ಕೆಳಗಿಳಿದವರು ಸಂಜೆಗೆ ಎಂಟೊಂಬತ್ತು ಕಿಲೋಮೀಟರ್ ದೂರದ ಕಲೂರ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಅಂದಿನಿಂದ ಬೀಗ.

ಓಣಿಯಲ್ಲಿ ಯಾರಿಗೂ ವಿಷಯ ಹೇಳಲಿಲ್ಲ. ಬಿ.ಪಿ. ಎಂದೆ, ವಿಶ್ರಾಂತಿ ಬೇಕಂತೆ ಎಂದೆ. ದೊಡ್ಡ ವಿಜ್ಞಾನಿ ಎಂದು ಎಲ್ಲರೂ ಎದ್ದು ನಿಂತು ಮಾತಾಡಿಸುತ್ತಿದ್ದ ಮನುಷ್ಯನನ್ನು ಕಂಡು ನಾಳೆ ಅಯ್ಯೋ ಪಾಪ ಎನ್ನುವುದನ್ನು ಕೇಳಲು ನನ್ನಿಂದಾಗದು. ಅವರೋ ಗೇಟಿನ ಸರಳು ಹಿಡಿದು ನಿಲ್ಲುತ್ತಿದ್ದರು.

"ಬಿಡು ಮಾರಾಯ್ತಿ, ನಾನೆಂತ ಕಳ್ಳನಾ?"

ಭಾನುವಾರ ಬಂತೆಂದರೆ ವಿಳಿಞ್ಞಂನ ಗುಹಾಲಯ, ಪದ್ಮನಾಭಪುರದ ಅರಮನೆ, ಅದೂ ಇಲ್ಲದಿದ್ದರೆ ಯಾವುದೋ ಕಾಡು ಬೆಳೆದ ಹಾಳು ಗುಡಿ ಎಂದು ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದವರು. ಅವರನ್ನು ಕೂಡಿಹಾಕಿ ಕಾಪಾಡಬೇಕೋ, ಬಿಟ್ಟು ಕಳೆದುಕೊಳ್ಳಬೇಕೋ? ಮೂರನೆಯ ದಾರಿ ನನಗೆ ತೋಚಲೇ ಇಲ್ಲ.

2007ರಲ್ಲಿ ಮಗಳು ಅನನ್ಯಳನ್ನು ಕಂಪನಿಯವರು ಒಂದು ವರ್ಷದ ಮಟ್ಟಿಗೆ ಫ್ರಾನ್ಸಿಗೆ ಕಳಿಸಿದರು. ಕೆಲಸ ಪಟ್ಟಣದಲ್ಲಿ, ವಾಸ ಹತ್ತಿರದ ವಾಲ್‌ರೋಶ್ ಎಂಬ ಹಳ್ಳಿಯಲ್ಲಿ. ಇಬ್ಬರೂ ಬನ್ನಿ ಎಂದಳು. ಕಾಸರಗೋಡಿನಿಂದ ಮೈದುನ ಮೋಹನ ಫೋನು ಮಾಡಿ ಹಾರಾಡಿದ.

"ಅತ್ತಿಗೆ, ನಿಮಗೆ ತಲೆ ಸಮ ಉಂಟಾ? ಅಣ್ಣನಿಗೆ ಇಲ್ಲಿಯೇ ದಾರಿ ತಪ್ಪುದು. ಭಾಷೆ ಗೊತ್ತಿಲ್ಲದ ಊರಲ್ಲಿ ಏನಾದ್ರೂ ಆದ್ರೆ?"

"ಇನ್ನೆರಡು ವರ್ಷ ಕಳೆದ್ರೆ ಏನು ತೋರಿಸಿದ್ರೂ ಅವರಿಗೆ ಗೊತ್ತಾಗ್ಲಿಕ್ಕಿಲ್ಲ. ಈಗಲೇ ನೋಡ್ಲಿ" ಎಂದು ಫೋನಿಟ್ಟೆ.

ವಾಲ್‌ರೋಶ್ ಎಂದರೆ ಒಂದು ಗುಡ್ಡ, ಅದರ ಸೊಂಟದ ಮೇಲೆ ಕಲ್ಲಿನ ಮನೆಗಳು, ಸುತ್ತ ಗೋಧಿ ಗದ್ದೆ, ದನ ಮೇಯುವ ಹುಲ್ಲುಗಾವಲು. ಮನೆಯೊಡತಿ ಓದೆತ್ ಎಂಬ ಎಂಬತ್ತು ದಾಟಿದ ಮುದುಕಿ. ಊರಿನ ಇಗರ್ಜಿಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಎಂಟುನೂರು ವರ್ಷದ ಇಗರ್ಜಿಯಂತೆ. ಅವಳು ನಮ್ಮನ್ನು ಅಲ್ಲಿಗೆ ಕರೆದೊಯ್ದ ದಿನ ನಮ್ಮ ಯಜಮಾನರು ಬಾಗಿಲಲ್ಲಿ ಬೂಟು ಕಳಚಿ, ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋದರು. ಅಲ್ಲಿ ಹಾಗೆ ಮಾಡುವವರಿಲ್ಲ. ಓದೆತ್ ಬೂಟನ್ನೊಮ್ಮೆ ಇವರನ್ನೊಮ್ಮೆ ನೋಡಿ, ನಕ್ಕು, ಪಕ್ಕಕ್ಕೆ ಸರಿದು ದಾರಿ ಕೊಟ್ಟಳು. ಕಂಬದ ತಲೆಯಲ್ಲಿ ಕೆತ್ತಿದ ಮೃಗಗಳನ್ನು ಇವರು ತಡವಿ ತಡವಿ ನೋಡಿದರು.

"ಪ್ರಾಯದಲ್ಲಿ ನಮ್ಮ ಬೇಕಲ ಕೋಟೆ ಇದರ ಮುಂದೆ ಸಣ್ಣ ಮಗು ಮಾರಾಯ್ತಿ!"

ಆಮೇಲೆ ದಿನವೂ ತಿರುಗಾಟವೇ. ಗೂನು ಬೆನ್ನಿನ ಹಳೆಯ ಸೇತುವೆ, ಮುರಿದ ಕೋಟೆಯ ಒಂದೇ ಒಂದು ಗೋಡೆ, ಗದ್ದೆಯ ನಡುವೆ ಪಾರಿವಾಳಗಳಿಗೆಂದೇ ಕಟ್ಟಿದ ಗೋಪುರ. ಪಾರಿವಾಳಕ್ಕೂ ಮನೆ ಕಟ್ಟಿಸಿದ್ದಾರಲ್ಲ ಎಂದು ಇವರಿಗೆ ಖುಷಿಯೋ ಖುಷಿ. ನಾನು ಮಾತ್ರ ಅವರ ತೋಳು ಬಿಡುತ್ತಿರಲಿಲ್ಲ. ಮನೆಗೆ ಬಂದೊಡನೆ ಬಾಗಿಲಿಗೆ ಚಾವಿ ತಿರುಗಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ.

ಒಂದು ಭಾನುವಾರ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅನನ್ಯ ಸ್ನಾನದಲ್ಲಿದ್ದಳು. ಓದೆತ್ ತನ್ನ ಹತ್ತಿರವಿದ್ದ ಚಾವಿಯಿಂದ ಬಾಗಿಲು ತೆಗೆದು, ತೋಟದ ಚೆರಿ ಹಣ್ಣನ್ನು ಮೇಜಿನ ಮೇಲಿಟ್ಟು, ಅಲ್ಲಿನವರ ಅಭ್ಯಾಸದಂತೆ ಬಾಗಿಲಿಗೆ ಚಾವಿ ತಿರುಗಿಸದೆ ಸುಮ್ಮನೆ ಎಳೆದು ಹೋದಳು. ನಾನು ತಿರುಗಿ ನೋಡಿದಾಗ ಹಣ್ಣಿತ್ತು, ಇವರಿರಲಿಲ್ಲ.

ಆ ಮುದುಕಿಯನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಕನ್ನಡದಲ್ಲಿ ಬೈದೆ, ಅವಳಿಗೆ ಗೊತ್ತಾಗಲಿಲ್ಲ, ದೇವರು ದೊಡ್ಡವನು. ಅನನ್ಯ ಒದ್ದೆ ತಲೆಯಲ್ಲೇ ಬೀದಿಗೆ ಓಡಿ ಸಿಕ್ಕಿದವರಿಗೆಲ್ಲ ಫ್ರೆಂಚಿನಲ್ಲಿ ಏನೋ ಹೇಳತೊಡಗಿದಳು. ಮಾತು ತಿಳಿಯದಿದ್ದರೂ, ಅವಳು ಹಣೆಗೆ ಬೆರಳಿಟ್ಟು ತೋರಿಸಿದ್ದು ಕಂಡಿತು.

"ಎಂತ ಹೇಳಿದ್ದು ನೀನು?"

"ಅಚ್ಛನ್‌ಗೆ ಮರೆವು ಅಂತ. ಎಲ್ರಿಗೂ ಹೇಳ್ದೆ."

"ಊರಿಗೆಲ್ಲ ಸಾರಿದ್ಯಾ? ಮಾನ ತೆಗೆದೆಯಲ್ಲೇ!"

"ಅಮ್ಮೇ, ಪ್ಲೀಸ್! ಮಾನ ಮುಖ್ಯವಾ, ಅಚ್ಛನ್ ಮುಖ್ಯವಾ?" ಎಂದು ಅವಳು ಅಳುತ್ತಲೇ ರೇಗಿದಳು.

ಅಷ್ಟರಲ್ಲಿ ಇಗರ್ಜಿಯ ಗಂಟೆ ಢಣಢಣ ಹೊಡೆಯಿತು. ಓದೆತ್ ಹಗ್ಗಕ್ಕೆ ಜೋತುಬಿದ್ದು ಬಾರಿಸುತ್ತಿದ್ದಳು. ಊಟಕ್ಕೆ ಕೂತಿದ್ದ ಊರಿಗೆ ಊರೇ ಎದ್ದು ಬಂತು. ಕುತ್ತಿಗೆಗೆ ಸಿಕ್ಕಿಸಿದ ಕರವಸ್ತ್ರ ತೆಗೆಯಲೂ ಪುರುಸೊತ್ತಿಲ್ಲದೆ ಬಂದರು. ಊರಿನ ಮೇಯರು ಟ್ರ್ಯಾಕ್ಟರ್ ಹತ್ತಿ ಗದ್ದೆಯ ಕಡೆ ಹೋದ. ಬ್ರೆಡ್ ಅಂಗಡಿಯವನು ಸೈಕಲ್ ಹತ್ತಿ ಸೇತುವೆಯ ಕಡೆ ಹೋದ. ಯಾರ ಮುಖದಲ್ಲೂ ನಾನು ಹೆದರಿದ್ದ ಆ ಅಯ್ಯೋ ಪಾಪ ಇರಲಿಲ್ಲ. ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ, ಹುಡುಕಬೇಕು, ಅಷ್ಟೆ.

ಬೂಟು ಸಿಕ್ಕಿತು. ಗುಡ್ಡದ ಬುಡದಲ್ಲಿ, ಹಿಂದೆ ಊರ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿಯ ಮೆಟ್ಟಿಲ ಮೇಲೆ. ತೊಟ್ಟಿಯಿಂದಾಚೆ ಹಳೆಯ ಗಿರಣಿಯ ಹೊಂಡ, ಕಪ್ಪು ನೀರು. ಬ್ರೆಡ್ ಅಂಗಡಿಯವನು ತೊಟ್ಟ ಬಟ್ಟೆಯಲ್ಲೇ ಎದೆಮಟ್ಟದ ನೀರಿಗೆ ಇಳಿದು ಕಾಲಲ್ಲಿ ತಡಕತೊಡಗಿದ. ಮೋಹನ ಹೇಳಿದ್ದೇ ಆಯಿತು, ನಾನೇ ಕೈಯಾರೆ ಕರೆತಂದು ಕೊಂದೆ ಎಂದು ಮೆಟ್ಟಿಲಲ್ಲೇ ಕುಸಿದೆ.

ಕುಸಿದಾಗ ಬೂಟು ಕಣ್ಣೆದುರಿಗೇ ಬಂತು. ಒಂದರ ಪಕ್ಕ ಒಂದು, ಕಾಲುಚೀಲ ಮಡಚಿ ಒಳಗಿಟ್ಟು, ಎಷ್ಟು ಚೆಂದ! ಮನೆಯಲ್ಲಿ ಚಪ್ಪಲಿಯನ್ನು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಎಸೆಯುವ ಆಸಾಮಿ ಇವರು. ಜೋಡಿಸಿಡುವುದು ದೇವಸ್ಥಾನಕ್ಕೆ ಹೋಗುವಾಗ ಮಾತ್ರ. ಮೊದಲು ಕೆರೆಗೆ ಇಳಿದು ಕಾಲು ತೊಳೆಯುವುದು, ಆಮೇಲೆ ಬರಿಗಾಲಲ್ಲಿ ಗುಡಿಗೆ ನಡೆಯುವುದು. ಈ ತೊಟ್ಟಿ ಅವರ ಪಾಲಿಗೆ ಕೆರೆ. ಹಾಗಾದರೆ ಗುಡಿ ಎಲ್ಲಿ?

"ಅನನ್ಯಾ, ಕೇಳು ಅವರ ಹತ್ರ! ಇಲ್ಲಿ ಮೇಲೆಲ್ಲಾದ್ರೂ ದೇವಸ್ಥಾನ ಉಂಟಾ? ಹಾಳುಬಿದ್ದದ್ದಾದ್ರೂ ಆಗ್ಬಹುದು!"

ಓದೆತ್ ಒಂದು ಗಳಿಗೆ ಯೋಚಿಸಿ ಗುಡ್ಡದ ಮೇಲೆ ಕೈ ತೋರಿದಳು. ಮುಳ್ಳುಕಂಟಿಗಳ ಹಿಂದೆ ಒಂದು ಪುಟ್ಟ ಪ್ರಾರ್ಥನಾಲಯವಂತೆ. ಸೂರಿಲ್ಲ, ಬಾಗಿಲಿಲ್ಲ, ಯಾರೂ ಹೋಗುವುದಿಲ್ಲ.

ಹೋದೆವು. ಊರಿಗೆ ಊರೇ ಹಿಂದೆ. ನಾಲ್ಕು ಮೋಟು ಗೋಡೆಗಳ ನಡುವೆ ಇವರು ಕಲ್ಲಿನ ಮೇಲೆ ಆರಾಮಾಗಿ ಕೂತಿದ್ದರು. ತುರಿಕೆ ಗಿಡ ತಾಗಿ ಎರಡೂ ಕಾಲು ಕೆಂಪಗೆ ಬಾತಿದ್ದವು.

"ಬಂದ್ಯಾ? ಭಟ್ರು ಬರ್ಲೇ ಇಲ್ಲ ನೋಡು. ಕಾದೆ."

ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಓದೆತ್ ಯಾವುದೋ ಅಗಲ ಎಲೆ ಕಿತ್ತು, ಅಂಗೈಯಲ್ಲಿ ಹೊಸಕಿ, ಮೊಣಕಾಲೂರಿ ಇವರ ಪಾದಕ್ಕೆ ತಿಕ್ಕತೊಡಗಿದಳು. ಇವರು ಗಾಬರಿಯಾಗಿ ಕಾಲು ಎಳೆದುಕೊಂಡರು.

"ಛೆ ಛೆ, ಎಂತ ಇದು! ಹಿರಿಯರು ಕಾಲು ಮುಟ್ಟುದಾ!" ಎನ್ನುತ್ತಾ ಬಗ್ಗಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಿದ್ದೇಬಿಟ್ಟರೆಂದು ಅವಳು ತಬ್ಬಿ ಹಿಡಿದಳು. ಅಷ್ಟು ಹೊತ್ತೂ ಅವಳನ್ನು ಶಪಿಸಿದ್ದ ನಾನೂ ಬಗ್ಗಿದೆ. ಜೀವನದಲ್ಲಿ ನಾನು ಅಷ್ಟು ಮನಸಾರೆ ಯಾರಿಗೂ ನಮಸ್ಕಾರ ಮಾಡಿಲ್ಲ.

ಮಾರನೆಯ ದಿನವೇ ಟಿಕೆಟ್ ಬದಲಿಸಿ ಹೊರಡೋಣ ಎಂದಿದ್ದೆ. ಬೆಳಿಗ್ಗೆ ಬಾಗಿಲು ಬಡಿದವನು ಮೇಯರ್. ಇವರನ್ನು ಕೋಟೆಯ ಕೆಳಗಿನ ನೆಲಮಾಳಿಗೆ ತೋರಿಸಲು ಕರೆದೊಯ್ಯುತ್ತಾನಂತೆ. ಮರುದಿನ ಬ್ರೆಡ್ ಅಂಗಡಿಯವನು, ಆಮೇಲೆ ಇನ್ಯಾರೋ. ಸರದಿ ಅವರವರೇ ಮಾಡಿಕೊಂಡಿದ್ದರು. ಇವರು ಕನ್ನಡದಲ್ಲಿ, ಅವರು ಫ್ರೆಂಚಿನಲ್ಲಿ, ಆಲೂಗೆಡ್ಡೆಯ ಸಾಲುಗಳ ನಡುವೆ ನಿಂತು ಗಂಟೆಗಟ್ಟಲೆ ಮಾತಾಡುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಆ ಊರಿನ ಋಣ ಯಾವ ಜನ್ಮದಲ್ಲೂ ನನ್ನಿಂದ ತೀರುವುದಿಲ್ಲ.

ಶ್ರೀಕಾರ್ಯಂಗೆ ಮರಳಿದ ವಾರವೇ ನಾನು ಓಣಿಯ ಮನೆಮನೆಗೂ ಹೋದೆ. ಆಟೋ ಸ್ಟ್ಯಾಂಡಿಗೆ, ಚಾಯದ ಅಂಗಡಿಗೆ, ಟೈಲರ್ ಜುಬೈದಾಳ ಹತ್ತಿರ. ನಾಚಿಕೆ ನುಂಗಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಫೋನ್ ನಂಬರು ಕೊಟ್ಟೆ. ಜುಬೈದಾ ಹೊಲಿಗೆ ನಿಲ್ಲಿಸಿ, "ಚೇಚೀ, ಇಷ್ಟು ದಿನ ಒಬ್ಬರೇ ಹೊತ್ತಿರಾ?" ಎಂದು ಅಕ್ಕನೊಡನೆ ಮಾತಾಡುವ ಹಾಗೆ ಮಲಯಾಳದಲ್ಲಿ ಕೇಳಿದಳು.

ಅಂದು ಸಂಜೆ ಗೇಟು ತೆರೆದೆ. ಇವರು ಹಿಂತಿರುಗಿಯೂ ನೋಡದೆ ನಡೆದರು. ನಾನು ದೇವರ ಹೆಸರು ಹೇಳುತ್ತಾ ಅಲ್ಲೇ ನಿಂತೆ. ಚಾಯದ ಅಂಗಡಿಯಿಂದ ಫೋನು ಬಂತು, ಸಾರ್ ಇಲ್ಲಿದ್ದಾರೆ. ಆಟೋ ಸ್ಟ್ಯಾಂಡಿನಿಂದ ಬಂತು, ಸಾರ್ ಎಂಜಿನಿಯರಿಂಗ್ ಕಾಲೇಜಿನ ಕಡೆ ಹೊರಟಿದ್ದರು, ತಿರುಗಿಸಿದ್ದೇವೆ. ಕತ್ತಲಾಗುವ ಮೊದಲು ಇವರು ಓಣಿಯ ತಿರುವಿನಲ್ಲಿ ಕಂಡರು. ಸ್ವಲ್ಪ ಹಿಂದೆ, ತನ್ನ ಪಾಡಿಗೆ ಹೋಗುವವಳಂತೆ ಜುಬೈದಾ ಬರುತ್ತಿದ್ದಳು. ನನ್ನನ್ನು ಕಂಡು ಕೈಯೆತ್ತಿ, ತಿರುಗಿ ಹೋದಳು.

ಇವರು ಬೆವರು ಒರೆಸಿಕೊಳ್ಳುತ್ತಾ ಜಗಲಿಯಲ್ಲಿ ಕೂತರು. ಮುಖ ಅರಳಿತ್ತು.

"ಒಳ್ಳೆ ಜನ ಮಾರಾಯ್ತಿ ಇಲ್ಲಿ. ಎಲ್ರೂ ಮಾತಾಡಿಸ್ತಾರೆ. ಯಾವ ಊರು ಇದು?"

ಮೂವತ್ತು ವರ್ಷ ಬಾಳಿದ ಊರು. ನಾನು ಪಕ್ಕದಲ್ಲಿ ಕೂತೆ.

"ನಮ್ಮದೇ ಊರು" ಎಂದೆ.