ಮೇಲ್‌ನಲ್ಲಿ ಬಂದ ಮೂರು ಫೋಟೊ

ಶಿಗ್ಗಾಂವದ ಬಸ್ ಸ್ಟ್ಯಾಂಡ್ ಹತ್ತಿರ ವಿದ್ಯಾಶ್ರೀ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಳು. ಅವಳ ಅಪ್ಪ ಭರಮಪ್ಪ ಎಂಟು ತಿಂಗಳ ಹಿಂದೆ ಗೋವಿನಜೋಳದ ಲಾರಿ ಜೊತೆ ಹಮಾಲಿಗೆಂದು ಸಾಂಗ್ಲಿ ಕಡೆ ಹೋದವನು, ದಾರಿಯಲ್ಲಿ ಚಹಾಕ್ಕೆ ಇಳಿದು ಮರಳಿ ಬಂದಿರಲಿಲ್ಲ. ಪೊಲೀಸರಿಗೆ ದೂರು ಕೊಡುವಾಗ ವಿದ್ಯಾಶ್ರೀ ಸೆಂಟರಿನ ಮೇಲ್ ವಿಳಾಸವನ್ನೇ ಬರೆದಿದ್ದಳು.

ಒಂದು ಮಂಗಳವಾರ ಬೆಳಗ್ಗೆ ಮಹಾರಾಷ್ಟ್ರದ ಒಂದು ಸರ್ಕಾರಿ ದವಾಖಾನೆಯಿಂದ ಮೇಲ್ ಬಂತು. ಗುರುತು ಸಿಗದ ಗಂಡಸಿನ ಹೆಣವಿದೆ, ಕೆಳಗಿನ ಫೋಟೊ ನೋಡಿ ತಿಳಿಸಬೇಕು ಎಂದು ಮರಾಠಿಯಲ್ಲಿತ್ತು. ಕೆಳಗೆ ಮೂರು ಖಾಲಿ ಚೌಕಗಳಿದ್ದವು. ಒಂದೊಂದರ ಮೂಲೆಯಲ್ಲೂ ಸಣ್ಣದೊಂದು ಇಂಟು ಗುರುತು.

ಚಿತ್ರ ತೋರಿಸು ಎಂಬುದನ್ನು ಒತ್ತಿದಳು. ಏನೂ ಬರಲಿಲ್ಲ. ಮೊಬೈಲಿನಲ್ಲಿ ತೆರೆದಳು, ಅಲ್ಲೂ ಅಷ್ಟೇ. ಎದುರಿಗೆ ಗಿರಾಕಿ ದಿಲ್ಶಾದ, ತನ್ನ ಮಗಳ ಸ್ಕಾಲರ್‌ಶಿಪ್ ಅರ್ಜಿ ಹಿಡಿದು ಕೂತಿದ್ದಳು. ವಿದ್ಯಾಶ್ರೀ ಮೊದಲು ಆ ಅರ್ಜಿ ತುಂಬಿದಳು. ಎಲ್ಲಿಯೂ ತಪ್ಪಲಿಲ್ಲ. ಆಮೇಲೆ ಮೇಲ್‌ನಲ್ಲಿದ್ದ ನಂಬರಿಗೆ ಫೋನ್ ಹಚ್ಚಿದಳು.

ಫೋನ್ ಎತ್ತಿದ ಗುಮಾಸ್ತ, ತನಗೆ ಫೋಟೊ ಚೆನ್ನಾಗಿ ಕಾಣುತ್ತಿವೆಯಲ್ಲ ಎಂದ. ಅವು ಅವನ ಕಂಪ್ಯೂಟರಿನಲ್ಲೇ ಇವೆ, ಅದಕ್ಕೇ ಅವನಿಗೆ ಕಾಣುತ್ತವೆ, ಇಲ್ಲಿಗೆ ಬಂದದ್ದು ಬರೀ ಅವುಗಳ ಖಾಲಿ ಜಾಗ ಎಂದು ಅವಳು ತನ್ನ ಹರಕುಮುರುಕು ಮರಾಠಿಯಲ್ಲಿ ತಿಳಿಸಿದಳು. ಅವನು ಇನ್ನೊಮ್ಮೆ ಕಳಿಸಿದ. ಮತ್ತೆ ಮೂರು ಖಾಲಿ ಚೌಕ. ಪತ್ರದೊಳಗೆ ಅಂಟಿಸಬೇಡಿ, ಪಿನ್ನಿನ ಗುರುತು ಒತ್ತಿ ಫೈಲ್ ಸೇರಿಸಿ ಎಂದು ಒಂದೊಂದೇ ಹೇಳುತ್ತ ಹೋದಳು. ಗಿರಾಕಿಗಳಿಗೆ ಹೇಳುವ ದನಿಯೇ ಅದು. ನಡುವೆ ಅವನು, ಆ ಮನುಷ್ಯ ನಿಮಗೇನಾಗಬೇಕು ಎಂದು ಕೇಳಿದ. ಅಪ್ಪ ಇರಬಹುದು ಎಂದಳು. ಆಮೇಲೆ ಅವನು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ.

ಈ ಸಲ ಫೋಟೊ ತೆರೆದವು. ಮೊದಲನೆಯದು ಮುಖ, ಬಾತಿತ್ತು, ಯಾರದೆಂದು ಹೇಳುವಂತಿರಲಿಲ್ಲ. ಎರಡನೆಯದು ಅಂಗಿ. ಮೂರನೆಯದು ಎಡಗೈ, ಅಡ್ಡಡ್ಡ ಬಂದಿತ್ತು. ವಿದ್ಯಾಶ್ರೀ ಅದನ್ನು ತಿರುಗಿಸಿ ನೆಟ್ಟಗೆ ಮಾಡಿದಳು. ಮುಂಗೈ ಮೇಲೆ ಹಚ್ಚೆಯಲ್ಲಿ ‘ಶಂಕ್ರವ್ವ’ ಎಂದಿತ್ತು. ಅವಳ ಅವ್ವನ ಹೆಸರು.

ಬೆಳಕು ಜಾಸ್ತಿ ಬಿದ್ದಿದೆ, ಸ್ವಲ್ಪ ಕಡಿಮೆ ಮಾಡಿದರೆ ಪ್ರಿಂಟ್ ಚಲೋ ಬರುತ್ತದೆ ಅನಿಸಿತು. ಅದೊಂದೇ ಅನಿಸಿದ್ದು.

“ಯಾರದವ್ವಾ ಅದು?” ಎಂದಳು ದಿಲ್ಶಾದ.

“ನಮ್ಮಪ್ಪನ ಕೈ ರೀ.”

ದಿಲ್ಶಾದ ಎದ್ದು ಶಟರ್ ಅರ್ಧ ಇಳಿಸಿ, ಬಂದು ಅವಳ ಪಕ್ಕ ಕೂತಳು.

ಮನೆಯಲ್ಲಿ ಶಂಕ್ರವ್ವ ಮುಖ ತೋರಿಸೆಂದು ಕೈ ಚಾಚಿದಳು.

“ಮುಖ ಬ್ಯಾಡವ್ವ. ಇದನ್ನ ನೋಡು.”

ಅವ್ವ ಆ ಕೈಯ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಲಗ್ನಾದ ವರ್ಷ ಅಕ್ಕಿಆಲೂರ ಸಂತ್ಯಾಗ ಹಾಕಿಸ್ಕೊಂಡಿದ್ದ,” ಎಂದಳು. “ಬ್ಯಾಡಂದ್ರೂ ಕೇಳ್ಲಿಲ್ಲ.”

ಮರುದಿನ ನಸುಕಿನಲ್ಲೇ ಶಂಕ್ರವ್ವನ ತಮ್ಮ ಹುಲಗೇಶನನ್ನು ಕರೆದುಕೊಂಡು ಮೂವರೂ ಆ ದವಾಖಾನೆಗೆ ಹೋದರು. ಗುಮಾಸ್ತ ಗೇಟಿನ ತನಕ ಬಂದು ಕರೆದೊಯ್ದ. ಹುಲಗೇಶ ಕಾಗದಪತ್ರಗಳ ಹಿಂದೆ ಓಡಾಡುವಾಗ, ಆ ಗುಮಾಸ್ತ ವಿದ್ಯಾಶ್ರೀಯನ್ನು ಮೆಲ್ಲಗೆ ಕೇಳಿದ: ಗುರುತು ಸಿಗದ ಇನ್ನೂ ಏಳು ಮಂದಿಯ ಫೋಟೊಗಳನ್ನು ಊರೂರಿನ ಠಾಣೆಗಳಿಗೆ ಹಾಗೆಯೇ ಕಳಿಸಿದ್ದೇನೆ, ಒಬ್ಬರೂ ಉತ್ತರ ಕೊಟ್ಟಿಲ್ಲ, ಅವೂ ಖಾಲಿ ಹೋಗಿರಬಹುದೇ?

ಹೋಗಿರುತ್ತವೆ ಎಂದಳು. ಅವನು ಕುರ್ಚಿ ಬಿಟ್ಟೆದ್ದ. ವಿದ್ಯಾಶ್ರೀ ಅವನ ಕಂಪ್ಯೂಟರಿನ ಮುಂದೆ ಕೂತು ಒಬ್ಬೊಬ್ಬರ ಫೋಟೊಗಳನ್ನೂ ಹುಡುಕಿ, ಅಡ್ಡ ಇದ್ದವನ್ನು ನೆಟ್ಟಗೆ ಮಾಡಿ, ಫೈಲಾಗಿ ಸೇರಿಸಿ ಕಳಿಸತೊಡಗಿದಳು. ಒಬ್ಬಾಕೆ ಮುದುಕಿ, ಮೂಗಿನಲ್ಲಿ ಇನ್ನೂ ನತ್ತಿತ್ತು. ಅವ್ವ ಹಿಂದಿನ ಬೆಂಚಿನಲ್ಲಿ ಕೂತಿದ್ದಳು.

ಹುಲಗೇಶ ಬಾಗಿಲಲ್ಲಿ ನಿಂತು, ಸಹಿ ಆದವು, ಗಾಡಿ ಬಂದಿದೆ ಎಂದ.

“ಇನ್ನೊಂದೈತಿ ಮಾಮಾ,” ಎಂದಳು ವಿದ್ಯಾಶ್ರೀ. “ಕಳಿಸಿ ಬರ್ತೇನಿ.”

ಸಂಜೆ ಶಿಗ್ಗಾಂವಕ್ಕೆ ತಂದು ಭರಮಪ್ಪನನ್ನು ಮಣ್ಣು ಮಾಡಿದರು. ಅಳು ಅವಳಿಗೆ ಆಗಲೂ ಬರಲಿಲ್ಲ.